ಒಣಕೊಂಬೆ ಎಂದರೆ ಯಾರು?

ಆಡಿದ ಮಾತೆಲ್ಲ ಆಡಿದ ಹಾಗೇ ಆಗಿಬಿಡುವ ಊರೊಂದಿತ್ತಂತೆ, ಬಹಳ ಹಿಂದೆ. ‘ಹೊಟ್ಟೆ ಉರಿಯುತ್ತಿದೆ’ ಎಂದರೆ ಸಾಕು, ಜನ ಕೊಡಪಾನದಲ್ಲಿ ನೀರು ಹೊತ್ತು ಓಡಿ ಬರುತ್ತಿದ್ದರಂತೆ. ಆ ಊರು ಈಗಲೂ ಇದೆ, ಪರೇಲಿನ ಬಟ್ಟೆ ಗಿರಣಿಯೊಂದರ ಗೇಟಿನೊಳಗೆ. ಬೆಳಕು ಹರಿಯುವ ಮುನ್ನವೇ ಮಾಟುಂಗದಿಂದ ಲೋಕಲ್ ಹಿಡಿದು ಬಂದ ಚೆನ್ನಯ ಅಲ್ಲಿ ಕರಿಹಲಗೆ ಒರೆಸುತ್ತಿದ್ದಾರೆ.

ಉಡುಪಿ ಕಡೆಯವರು. ಮುಂಬಯಿಗೆ ಬಂದದ್ದು ಹೋಟೆಲಿನಲ್ಲಿ ಲೋಟ ತೊಳೆಯಲು. ಇಂಗ್ಲಿಷ್ ಕಲಿತದ್ದು ರಾತ್ರಿಶಾಲೆಯಲ್ಲಿ. ಗಿರಣಿಯ ಮ್ಯಾನೇಜರ್ ಸಾಹೇಬರ ಇಂಗ್ಲಿಷ್ ಸುತ್ತೋಲೆಗಳನ್ನು ಕನ್ನಡದ ಕೆಲಸಗಾರರಿಗಾಗಿ ಹಲಗೆಯ ಮೇಲೆ ಬರೆಯುವುದು ಈಗಿನ ಕೆಲಸ. ಸಾಹೇಬರಿಗೋ ವಿಲಾಯತಿ ಆಡಳಿತ ಪುಸ್ತಕಗಳ ಹುಚ್ಚು. ಅವರ ಸುತ್ತೋಲೆಯಲ್ಲಿ ಒಂದು ವಾರ ಗಿರಣಿ ಹಡಗು, ಇನ್ನೊಂದು ವಾರ ಸೈನ್ಯ.

“ಖರ್ಚು ಕಡಿಮೆ ಮಾಡಿ ಅನ್ನಲಿಕ್ಕೆ ‘ಬೆಲ್ಟ್ ಬಿಗಿಮಾಡಿ’ ಅಂತ ಇತ್ತು ಮಾರಾಯ್ರೆ. ನಾನು ಹಾಗೇ ಬರೆದೆ. ನೇಯುವ ಖಾತೆಯ ಈರಣ್ಣ ಹೋಗಿ ಮಗ್ಗದ ಪಟ್ಟಾ ಬಿಗಿದೇ ಬಿಟ್ಟ. ಪಟ್ ಅಂತ ಹರಿಯಿತು!” ಎಂದು ಚೆನ್ನಯ ಈಗಲೂ ಹೇಳಿಕೊಳ್ಳುತ್ತಾರೆ. ಅಂದಿನಿಂದ ಅವರು ‘ಪಟ್ಟಾ ಚೆನ್ನಯ’.

ನಿನ್ನೆಯದು ಮಾತ್ರ ನಗುವ ಸಂಗತಿಯಲ್ಲ. ‘ಮರ ಚಿಗುರಬೇಕಾದರೆ ಒಣಕೊಂಬೆ ಕಡಿಯಬೇಕು’ ಎಂದು ಸುತ್ತೋಲೆಯಲ್ಲಿತ್ತು. ಚೆನ್ನಯ ಇದ್ದ ಹಾಗೇ ಬರೆದರು. ಯಾರೋ ಓದಿದ್ದು ಕೇಳಿ, ನೂಲು ಸುತ್ತುವ ಖಾತೆಯ ಅಂಬವ್ವ ಚೆನ್ನಯರ ಮುಂದೆ ಬಂದು ನಿಂತರು. ವಿಜಾಪುರದವರು, ತಲೆ ನರೆತವರು.

“ಒಣಟೊಂಗಿ ಅಂದ್ರ ನಾವ ಏನೋ ತಮ್ಮಾ? ಕೆಲಸ ಹೋದ್ರ ಯಾವ ಮಾರಿ ಹೊತ್ತು ಊರಿಗೆ ಹೋಗ್ಲಿ?”

“ನಾಳೆ ಪಾಳಿ ಶುರುವಿನ ಭೋಂಗಾ ಕೂಗುವುದರೊಳಗೆ ಕೇಳಿ ಬರೆಯುತ್ತೇನೆ ಅಕ್ಕಾ,” ಎಂದು ಚೆನ್ನಯ ಮಾತು ಕೊಟ್ಟರು. ಸಂಜೆ ಸಾಹೇಬರ ಬಾಗಿಲಲ್ಲಿ ನಿಂತು, ಕಡಿಯುವ ಕೊಂಬೆ ಯಾವುದು, ಮನುಷ್ಯರೇ ಎಂದು ಕೇಳಿದರು. ಮೂಲೆಯಲ್ಲಿ ತುಕ್ಕು ಹಿಡಿದ ಯಂತ್ರಗಳು ಎಂದರು ಸಾಹೇಬರು. ಮನುಷ್ಯರೆಂದು ಯಾರು ಹೇಳಿದರು ಎನ್ನುತ್ತಾ ಗಾಬರಿಯಾದರು.

“ಹೋದ ವಾರ ‘ಕೈಗಳು’ ಅಂತ ಬರೆದದ್ದು ನಮ್ಮನ್ನೇ ಅಲ್ವಾ ಸರ್? ಕೈ ನಾವಾದರೆ ಕೊಂಬೆಯೂ ನಾವೇ ಅಂದ್ಕೊಂಡರು.”

ಸಾಹೇಬರು ಪೆನ್ನು ತೆಗೆದು ಆ ಸಾಲನ್ನು ತಾವೇ ಹೊಡೆದುಹಾಕಿ, ನೇರ ಮಾತಿನಲ್ಲಿ ಬೇರೆ ಬರೆದುಕೊಟ್ಟರು.

ಈಗ ಬೆಳಗಿನ ಮಂಕು ಬೆಳಕಿನಲ್ಲಿ ಚೆನ್ನಯ ಬರೆಯುತ್ತಿದ್ದಾರೆ. ಅಂಬವ್ವ ಬೆನ್ನ ಹಿಂದೆಯೇ ನಿಂತಿದ್ದಾರೆ.

“ಓದು.”

“‘ಮೂಲೆಯ ಹಳೇ ಯಂತ್ರಗಳನ್ನು ಮಾರುತ್ತೇವೆ. ಯಾರ ಕೆಲಸವೂ ಹೋಗುವುದಿಲ್ಲ.’”

“ಇನ್ನೊಮ್ಮಿ ಓದು.”

ಓದುತ್ತಾರೆ. ಅಂಬವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ಇಷ್ಟ ಹೇಳಾಕ ಮರಾ ಯಾಕ ಹತ್ತಿದ್ರೋ ಪಟ್ಟಾ?”

ಚೆನ್ನಯ ನಗುತ್ತಾ ಸಾಲಿನ ಕೊನೆಗೆ ಚುಕ್ಕೆ ಇಡುತ್ತಾರೆ. ಭೋಂಗಾ ಕೂಗುತ್ತದೆ.