ಹದಿನಾರು ಬಣ್ಣಗಳಲ್ಲಿ ಅಪ್ಪ

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ತೀರಿಕೊಂಡಾಗ ಅವರ ಅಕ್ಕ, ಅಂದರೆ ನನ್ನ ಅತ್ತೆ, ಪಂಢರಪುರದಲ್ಲಿದ್ದರು. ತಮ್ಮೂರು ಅಮ್ಮಿನಬಾವಿಗೆ ಮರಳಿ, ಸುದ್ದಿ ಕೇಳಿ, ವಿದ್ಯಾನಗರದ ನಮ್ಮ ಮನೆಗೆ ಬರುವಷ್ಟರಲ್ಲಿ ಐದು ದಿನಗಳಾಗಿದ್ದವು. ಚಪ್ಪಲಿ ಬಿಡುವ ಮೊದಲೇ ಕೇಳಿದರು:

"ಅವನ ಮಾರಿ ನೋಡ್ಲಿಲ್ಲಲ್ಲೋ ನಾ. ಫೋಟೋನರ ಐತೇನು?"

ಇತ್ತು ಎಂದರೆ ಇತ್ತು. ಅಪ್ಪನಿಗೆ ಕ್ಯಾಮೆರಾ ಆಗುತ್ತಿರಲಿಲ್ಲ. ಗೋಡೆಯ ಮೇಲಿದ್ದ ಮದುವೆಯ ಫೋಟೋದಲ್ಲಿ ಬಾಸಿಂಗವೇ ಹೆಚ್ಚು, ಮುಖ ಕಡಿಮೆ. ಎರಡು ತಿಂಗಳ ಹಿಂದೆ ಗೆಳೆಯನೊಬ್ಬ ತನ್ನ ಆಫೀಸಿನ ಡಿಜಿಟಲ್ ಕ್ಯಾಮೆರಾದಲ್ಲಿ, ಅವರು ಪೇಪರ್ ಓದುತ್ತಿದ್ದಾಗ, ಒಂದು ಚಿತ್ರ ತೆಗೆದು ಫ್ಲಾಪಿಯಲ್ಲಿ ಹಾಕಿಕೊಟ್ಟಿದ್ದ. ಅದನ್ನು ತೋರಿಸಲು ನನ್ನಲ್ಲಿದ್ದದ್ದು ಹರಾಜಿನಲ್ಲಿ ಹಿಡಿದ ಹಳೆಯ ಕಂಪ್ಯೂಟರು. ಮನುಷ್ಯನಿಗೆ ಹದಿನಾರು ಸಂಸ್ಕಾರಗಳೆಂದು ಹಿರಿಯರು ಹೇಳುತ್ತಾರೆ. ಆ ಯಂತ್ರದ ಪರದೆಗೆ ಒಟ್ಟು ಹದಿನಾರೇ ಬಣ್ಣಗಳು. ಅವುಗಳಲ್ಲಿ ಮನುಷ್ಯನ ಮೈಬಣ್ಣ ಮಾತ್ರ ಇರಲಿಲ್ಲ. ಇಲ್ಲದ ಬಣ್ಣದ ಜಾಗದಲ್ಲಿ ಅದು ಇದ್ದ ಬಣ್ಣಗಳ ಚುಕ್ಕಿಗಳನ್ನು ಪಕ್ಕಪಕ್ಕ ಉದುರಿಸುತ್ತಿತ್ತು.

ಆ ಐದು ದಿನ ನನಗೆ ಅಳು ಬಂದಿರಲಿಲ್ಲ. ಮಾಡಲೊಂದು ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನವೇ ಆಯಿತು. ಅತ್ತೆಯನ್ನು ಒಳಕೋಣೆಗೆ ಕರೆದು ಫ್ಲಾಪಿ ಹಾಕಿದೆ. ಅಪ್ಪ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿದರು: ಮೊದಲು ಹಿಂದಿನ ಗೋಡೆ, ಆಮೇಲೆ ಕೂದಲು, ಹಣೆ. ಬಸ್ಸಿಗೆ ಒಂದು ತಾಸು ಮೊದಲೇ ಹೋಗಿ ನಿಲ್ಲುತ್ತಿದ್ದ ಮನುಷ್ಯ, ಹುಬ್ಬಿನಿಂದ ಮೂಗಿಗೆ ಬರಲು ಒಂದು ನಿಮಿಷ ತೆಗೆದುಕೊಂಡರು.

ಅತ್ತೆ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು.

"ಏನೋ ಇದು, ಮಾರಿ ತುಂಬ ಹಸರು ಕೆಂಪು ರವಾ ಚೆಲ್ಲಿದಂಗ ಐತಿ! ಮೈಲಿ ಎದ್ದಿತ್ತೇನು ಅವಗ? ನಮಗ ಹೇಳದ ಮುಚ್ಚಿಟ್ಟೀರೇನು?"

"ಇಲ್ಲರಿ ಅತ್ತಿ, ಎದಿನೋವಿಲೇನ ಹೋದ್ರು. ಇದು ಮಷಿನ್ ಬಣ್ಣ. ಸ್ವಲ್ಪ ಹಿಂದ ಸರದು ನೋಡ್ರಿ."

"ಐದು ದಿನಾ ತಡಾ ಮಾಡಿ ಬಂದಾಕಿಗೆ ಇನ್ನೂ ಹಿಂದ ಸರಿ ಅಂತೀಯಲ್ಲೋ."

ಆದರೂ ಸರಿದರು. ಒಂದು ಹೆಜ್ಜೆ, ಎರಡು ಹೆಜ್ಜೆ, ಕೊನೆಗೆ ಹೊಸ್ತಿಲು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮುಂದೂಡುತ್ತಲೇ ಇದ್ದರು. ಆ ಪೊರೆ ಚುಕ್ಕಿಗಳನ್ನೆಲ್ಲ ಕಲಸಿ, ಯಂತ್ರದ ಕೈಲಾಗದ್ದನ್ನು ಮಾಡಿಕೊಟ್ಟಿತು.

"ಹೌದು, ಅವನ. ಗಡ್ಡಾ ಸುದ್ದಾ ಮಾಡ್ಕೊಂಡಿಲ್ಲ ನೋಡು, ಖೋಡಿ."

ಅಲ್ಲೇ ಕುಳಿತು, ತಮ್ಮನ ಬಾಲ್ಯದಿಂದ ಹಿಡಿದು ಹಾಡಿಕೊಂಡು ಅತ್ತರು. ಕಣ್ಣು ನೆಟ್ಟಗಿದ್ದ ನನಗೆ ಹಸಿರು, ಕೆಂಪು, ಬೂದು ಚುಕ್ಕಿಗಳೇ ಕಂಡವು. ಗಡ್ಡ ಎಲ್ಲಿದೆಯೆಂದು ಹುಡುಕಿದೆ. ಸಿಗಲಿಲ್ಲ.

ಅವರ ಅಳು ನಿಂತ ಮೇಲೆ ಕೇಳಿದೆ, "ಬಂದ್ ಮಾಡ್ಲೇನ್ರಿ ಅತ್ತಿ?"

"ತಡಿ. ನಾ ಮೊದಲ ಹೊರಗ ಹೋಗ್ತೇನಿ. ಆಮ್ಯಾಲ ಮಾಡು."

ಸ್ಮಶಾನಕ್ಕೆ ಹೋದವರು ಹಿಂದೆ ನೋಡದೆ ಬರುವಂತೆ, ತಲೆ ತುಂಬ ಸೆರಗು ಹೊದ್ದು, ತಿರುಗಿ ನೋಡದೆ ಪಡಸಾಲೆಗೆ ನಡೆದರು. ಅವರು ಅಲ್ಲಿ ಕೂತ ಸದ್ದು ಕೇಳುವವರೆಗೆ ಕಾದು, ನಾನು ಸ್ವಿಚ್ ಒತ್ತಿದೆ.