ಎಣ್ಣೆ ಹೊಡೆಯದ ಹೊಲದ ಮಿಡತೆ

ಕಪ್ಪೆಯ ಕಾಲು ಮುರಿದವನು ನಾನೇ. ಮಳೆ ನಿಂತ ಒಂದು ಬೆಳಗ್ಗೆ ಬೈಕು ಹೊರಗೆ ತೆಗೆದು, ಕೆಳಗೆ ನೋಡದೆ ಅಂಗಳದ ಕಬ್ಬಿಣದ ಗೇಟು ಎಳೆದೆ. ಮೆತ್ತಗೆ ಏನೋ ಸಿಕ್ಕಿಕೊಂಡಂತಾಯಿತು. ಬಗ್ಗಿ ನೋಡಿದರೆ ಅಂಗೈಯಗಲದ ಕಪ್ಪೆ, ಒಂದು ಹಿಂಗಾಲು ಹೊರಳಿ ಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಚಪ್ಪಲಿ ಕಾಲಿನಿಂದ ಮೋರಿಗೆ ತಳ್ಳಿ ಕೆಲಸಕ್ಕೆ ಹೋಗುತ್ತಿದ್ದರು. ನಾನೋ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಆದವಾನಿ ಸ್ಟೇಷನ್ನಿನಲ್ಲಿ ಬಂದು ನಿಂತ ರೈಲು ಬಿಟ್ಟು ಮನೆಗೆ ಓಡಿದವನು. ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ಒದ್ದೆ ಮಣ್ಣು ಹಾಕಿ, ಕಪ್ಪೆಯನ್ನು ಅದರೊಳಗೆ ಬಿಟ್ಟು, ಹಿತ್ತಲಲ್ಲಿಟ್ಟೆ. ಕಾಲು ಕೂಡಿದ ಮೇಲೆ ಬಿಟ್ಟುಬಿಡುವುದು ಎಂದುಕೊಂಡೆ.

"ಲಿಂಗ ಕಟ್ಟಿಕೊಂಡ ಮನಿಯಾಗ ಇದಕ್ಕೇನು ಅನ್ನ ಸಾರು ಹಾಕ್ತೀರೇನ್ರಿ?" ಎಂದಳು ಹೆಂಡತಿ.

ನಿಜ ಹೇಳಬೇಕೆಂದರೆ ಮೊದಲ ದಿನ ಅನ್ನದ ಅಗುಳನ್ನೇ ಹಾಕಿದ್ದೆ. ಅದು ಮುಟ್ಟಲಿಲ್ಲ. ಅಲುಗಾಡುವುದಷ್ಟೇ ಕಪ್ಪೆಗೆ ಊಟ, ಅಲುಗದ್ದೆಲ್ಲ ಕಲ್ಲು ಎಂದು ಮೊಬೈಲಿನ ವಿಡಿಯೊ ನೋಡಿ ತಿಳಿದುಕೊಂಡೆ.

ನನ್ನ ಕೆಲಸ ಜಿನ್ನಿಂಗ್ ಮಿಲ್ಲಿಗೆ ಹತ್ತಿ ಕೊಳ್ಳುವುದು. ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ಎಳೆದು, ತೇವ, ಕಸ, ಹುಳ ತಿಂದ ಕಲೆ ನೋಡಿ, ಮುಖ ಗಂಟಿಕ್ಕಿ ದರ ಇಳಿಸುವುದು. ಇಪ್ಪತ್ತು ವರ್ಷ ಬೈದುಕೊಂಡು ಬಂದ, ಹತ್ತಿಕಾಯಿ ಕೊರೆಯುವ ಗುಲಾಬಿ ಹುಳ ಈಗ ನನಗೇ ಬೇಕಾಯಿತು. ಮಿಲ್ಲಿನ ಗೋಡೆಯ ಬುಡದಲ್ಲಿ, ರಾಶಿಯಿಂದ ಹೊರಬಿದ್ದ ಹುಳಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಿದ್ದರೆ ತೂಕ ಮಾಡುವವನು ಕೇಳಿದ: "ಸಾವ್ಕಾರ್ರ, ಹುಳದ ಸ್ಯಾಂಪಲ್ ಯಾವ ಕಂಪನಿಗ್ರಿ?"

ಕಪ್ಪೆಗೆ ಹುಳ ರುಚಿಸಿತು. ಕಸಬರಿಗೆ ಕಡ್ಡಿಯ ತುದಿಗೆ ಹುಳ ಇಟ್ಟು ಅಲುಗಿಸಿದರೆ ಸಾಕು, ಟಪ್ಪೆಂದು ನಾಲಿಗೆ ಬೀಳುತ್ತಿತ್ತು. ಸೋಮವಾರ ಮಾತ್ರ ಹುಳ ಮನೆಯೊಳಗೆ ಬರಕೂಡದೆಂದು ಹೆಂಡತಿಯ ಕಟ್ಟಪ್ಪಣೆ. ಹಾಗಾಗಿ ವಾರಕ್ಕೊಂದು ಉಪವಾಸ ಅದಕ್ಕೂ ಬಂತು.

ತಿಂಗಳಾದರೂ ಕಾಲು ಕೂಡಲಿಲ್ಲ, ಇನ್ನಷ್ಟು ಮೆತ್ತಗಾಯಿತು. ಮತ್ತೆ ವಿಡಿಯೊ. ಒಂದೇ ಆಹಾರ ತಿಂದರೆ ಕಪ್ಪೆಯ ಮೂಳೆ ಸವೆಯುತ್ತದೆ, ಮಿಡತೆ, ಎರೆಹುಳ, ಪತಂಗ, ಜಿರಳೆ ಬದಲಿಸಿ ಬದಲಿಸಿ ಕೊಡಬೇಕು, ಕ್ಯಾಲ್ಸಿಯಂ ಬೇಕು, ಇಲ್ಲದಿದ್ದರೆ ಬದುಕುವುದಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯದಲ್ಲೇ ಐವತ್ತು ದಾಟಿದ ನನ್ನ ಮೂಳೆಯ ಬಗ್ಗೆ ಯಾರೂ ಇಷ್ಟು ಯೋಚಿಸಿರಲಿಲ್ಲ. ಹೆಂಡತಿಯ ಮೊಣಕಾಲು ನೋವಿನ ಕ್ಯಾಲ್ಸಿಯಂ ಮಾತ್ರೆ ಅರೆದು ಹುಳದ ಮೈಗೆ ಸವರಿದೆ. ಎರೆಹುಳಕ್ಕೆಂದು ಹಿತ್ತಲು ಅಗೆದೆ, ಸಿಕ್ಕಿದ್ದು ಎರಡು. ಜಿರಳೆ ಕೇಳಿದ್ದಕ್ಕೆ ಆಕೆ ಸಿಡಿದಳು: "ನಮ್ಮ ಮನಿಯಾಗ ಜಿರಲಿ ಅದಾವ ಅಂತ ಊರಿಗೆಲ್ಲ ಹೇಳಿ ಬರ್ರಿ, ಹೋಗ್ರಿ!"

ಉಳಿದದ್ದು ಮಿಡತೆ. ಅದಕ್ಕೆ ಹೊಲಕ್ಕೇ ಹೋಗಬೇಕು. ಆದರೆ ನಮ್ಮ ಕಡೆ ಹತ್ತಿ ಹೊಲವೆಂದರೆ ಎಣ್ಣೆ ಹೊಡೆದ ಹೊಲ. ಕೀಟನಾಶಕಕ್ಕೆ ಇಲ್ಲಿ ಎಲ್ಲರೂ ಎಣ್ಣೆ ಎಂದೇ ಅನ್ನುವುದು. ಎಣ್ಣೆ ಬಿದ್ದ ಮಿಡತೆ ತಿಂದರೆ ಕಪ್ಪೆ ಉಳಿಯುತ್ತದೆಯೇ? ಮೂರು ದಿನ ಅದೇ ಚಿಂತೆ. ಕೊನೆಗೆ ಮಾಧವರಂ ಕಡೆಯಿಂದ ಪ್ರತಿ ವರ್ಷ ನನಗೇ ಹತ್ತಿ ತರುವ ರೈತನೊಬ್ಬನನ್ನು ಮಾರ್ಕೆಟ್ ಯಾರ್ಡಿನಲ್ಲಿ ನಿಲ್ಲಿಸಿ ಕೇಳಿದೆ.

"ಈ ಸಲ ಎಣ್ಣಿ ಹೊಡದೀಯೇನಪ್ಪ?"

"ನಾಕು ಸಲ ಹೊಡದೀನ್ರಿ! ಒಂದು ಹುಳ ತೋರಿಸ್ರಿ, ಅಷ್ಟೂ ಹತ್ತಿ ಪುಕ್ಕಟೆ ಕೊಡ್ತೀನಿ."

ನನ್ನ ಮುಖ ಸಣ್ಣದಾಯಿತು. ಆತ ನನ್ನ ಮುಖವನ್ನೇ ನೋಡುತ್ತಿದ್ದ.

"ಲೇದು ಲೇದು ಸಾವ್ಕಾರ್ರ, ಅದು ಹೋದ ವರ್ಷ. ಈ ಸಲ ಹೊಡದೇ ಇಲ್ಲ. ಬರೇ ಬೇವಿನ ಕಷಾಯ. ನ್ಯಾಚುರಲ್ಲು!"

ಎರಡು ಉತ್ತರ ಒಂದೇ ಬಾಯಿಂದ, ಒಂದೇ ನಿಮಿಷದಲ್ಲಿ. ಹತ್ತಿಯ ವಿಷಯವಾಗಿದ್ದರೆ ಎರಡನ್ನೂ ನಂಬುತ್ತಿರಲಿಲ್ಲ. ನನಗೆ ಬೇಕಾಗಿದ್ದ ಉತ್ತರವನ್ನು ಆರಿಸಿಕೊಂಡೆ.

ಭಾನುವಾರ ಅವನ ಹೊಲದ ಬದುವಿನಲ್ಲಿ ಹಳೆಯ ಪಂಚೆ ಹಿಡಿದು ಮಿಡತೆಯ ಹಿಂದೆ ಓಡಿದೆ. ನನ್ನ ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ. ಆತ ಹೆಂಡತಿಯನ್ನು ಕೂಗಿದ: "ಬಾರೇ ಇಲ್ಲಿ, ಸಾವ್ಕಾರ್ರು ಮಿಡತಿ ಹಿಡಿಯಾಕತ್ತಾರ!" ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹನ್ನೊಂದು ಸಿಕ್ಕವು. ಹಿಡಿಯಲು ಬಹಳ ಸುಲಭವಾಗಿದ್ದವು, ಕೆಲವು ಹಾರಲೇ ಇಲ್ಲ. ನನ್ನ ಕೈಚಳಕ ಎಂದುಕೊಂಡೆ.

ಆ ಸಂಜೆ ಕಪ್ಪೆ ಮೂರೇ ಕಾಲಿನಲ್ಲಿ ನೆಗೆಯಿತು. ಗೇಟಿನ ದಿನದಿಂದ ಅದು ನೆಗೆದದ್ದು ಅದೇ ಮೊದಲು. ಒಂದಾದ ಮೇಲೆ ಒಂದು ಐದು ಮಿಡತೆ ನುಂಗಿತು. ಹೆಂಡತಿಯೂ ಬಂದು ನಿಂತು, "ಕಾಲು ಬಂತಲ್ರಿ ಅದಕ್ಕ" ಎಂದಳು. ನಾನು, ಹೆಚ್ಚು ತಿಂದು ಅಜೀರ್ಣವಾದರೆ ಏನು ಮಾಡುವುದು ಎಂದು ಚಿಂತಿಸಿದೆ.

ಬೆಳಗ್ಗೆ ನೋಡಿದರೆ ಹೊಟ್ಟೆ ಮೇಲಾಗಿ ಬಿದ್ದಿತ್ತು. ಕಾಲುಗಳು ಸೆಟೆದು ನಡುಗುತ್ತಿದ್ದವು. ಟಬ್ಬು ಸಮೇತ ಆಟೋದಲ್ಲಿ ದನದ ಆಸ್ಪತ್ರೆಗೆ ಒಯ್ದೆ.

"ನಾ ಎಮ್ಮಿ, ಆಕಳ ನೋಡಾಂವ್ರಿ" ಎಂದರು ಡಾಕ್ಟರು. "ಕಪ್ಪಿ ಕೊಯ್ಯೋದು ಕಲಿಸಿದ್ರು, ಉಳಸೋದು ಕಲಿಸಲಿಲ್ಲ." ಆದರೂ ಬಗ್ಗಿ ನೋಡಿದರು. "ಇದು ಎಣ್ಣಿ ರೀ. ಯಾವ ಎಣ್ಣಿ ಅಂತ ಗೊತ್ತಾದ್ರ ಏನರ ಪ್ರಯತ್ನ ಮಾಡಬಹುದು. ಕೇಳ್ರಿ ಲಗೂನ."

ರೈತನಿಗೆ ಫೋನು ಹಚ್ಚಿದೆ.

"ಯಾವ ಎಣ್ಣಿ ಹೊಡದಿದ್ದೆಪ್ಪ?"

"ಹೊಡದೇ ಇಲ್ಲ ಅಂತ ಹೇಳಿದೆನಲ್ರಿ."

"ದರಕ್ಕಲ್ಲೋ ಮಾರಾಯ. ನಿನ್ನ ಹತ್ತಿ ನೀ ಹೇಳಿದ ದರಕ್ಕ ತಗೋತೀನಿ. ಹೆಸರು ಹೇಳು, ಒಂದು ಜೀವ ಹೋಗಾಕತ್ತೈತಿ."

ಆ ಕಡೆ ಆತ ಏನು ಹೇಳಲಿ ಎಂದು ಹೆಂಡತಿಯನ್ನು ತೆಲುಗಿನಲ್ಲಿ ಕೇಳಿದ್ದು ನನಗೂ ಕೇಳಿಸಿತು. ಆಮೇಲೆ ಬಹಳ ನಯವಾಗಿ ಅಂದ: "ಸಾವ್ಕಾರ್ರ, ಹೊಡದೀನಿ ಅಂದ್ರ ನಿಮಗ ಚೊಲೋನೋ, ಇಲ್ಲ ಅಂದ್ರ ಚೊಲೋನೋ? ನೀವು ಹೆಂಗ ಅಂತೀರಿ ಹಂಗ."

ಅವನ ಮೇಲೆ ಸಿಟ್ಟು ಬರಲಿಲ್ಲ. ಇಪ್ಪತ್ತು ವರ್ಷ ಅವನ ಹತ್ತಿಗೆ ಕೈ ಹಾಕಿ, ಅವನ ಪ್ರತಿ ಮಾತಿಗೂ ಒಂದಿಷ್ಟು ದರ ಇಳಿಸಿ, ಹೀಗೆ ಮಾತಾಡಲು ಕಲಿಸಿದವನು ನಾನೇ.

ಟಬ್ಬಿನಲ್ಲಿ ಕಪ್ಪೆಯ ಗಂಟಲು ಒಮ್ಮೆ ಉಬ್ಬಿ ಇಳಿಯಿತು. ಇನ್ನೊಮ್ಮೆ ಉಬ್ಬೀತೆಂದು ಫೋನು ಕಿವಿಗಿಟ್ಟುಕೊಂಡೇ ಕಾದೆ. ನನ್ನ ಉತ್ತರಕ್ಕಾಗಿ ಆ ಕಡೆ ಅವನೂ ಕಾಯುತ್ತಿದ್ದ.