ಕಿವಿಗೆ ಬೀಳಬಾರದ ಸುದ್ದಿ

ಸಾತಾರೆಯಲ್ಲಿ ನಮ್ಮ ಮನೆಗೂ ಕುಮುದಿನಿ ನಿಕಮ್ ಮನೆಗೂ ಒಂದೇ ಗೋಡೆ. ಬೀದಿಯವರು ಅವಳನ್ನು ಎದುರಿಗೆ ಕುಮುದ ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಾರೆ, ಹಿಂದಿನಿಂದ ಸಿಡುಕಿ ಎನ್ನುತ್ತಾರೆ. ಅರ್ಧ ಪೇಟೆಯ ರವಿಕೆ ಹೊಲಿದ ಹೆಂಗಸು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡವರಿಗೆ, "ಉಸಿರು ಬಿಡವಾ, ರವಿಕಿ ಹೊಲಿಯೂದು ನಿನಗ, ನಿನ್ನ ಆಸೆಗಲ್ಲ," ಎಂದು ಗದರುವವಳು. ಆ ಸಿಟ್ಟಿನ ಬೇರು ನನಗೆ ಕಂಡದ್ದು ಅವರ ಮನೆಯವರು ಎಂಟು ಗಣಪತಿ ಗುಡಿಗಳ ಅಷ್ಟವಿನಾಯಕ ಯಾತ್ರೆಗೆ ಹೊರಡಬೇಕಿದ್ದ ಹಿಂದಿನ ದಿನ.

ಮಗ ಸುಹಾಸ ಹೊಸ ಕಾರು ತಂದಿದ್ದ. ಮೊದಲ ಓಟ ದೇವರ ಕಡೆಗೇ ಆಗಲಿ ಎಂದು ಯಾತ್ರೆ ಗೊತ್ತುಮಾಡಿ, ಓಝರಿನಲ್ಲಿ ರಾತ್ರಿ ತಂಗಲು ಕೋಣೆ ಹಿಡಿದಿದ್ದ. ಅವನೂ ಹೆಂಡತಿ ಮೃಣಾಲಳೂ ನಡುಮನೆಯಲ್ಲಿ ಫೋನು ಹಿಡಿದು ದಾರಿ ಹುಡುಕುತ್ತಿದ್ದರು. ಒಳಗೆ ವಹಿನಿ ದಾರಿಯ ಬುತ್ತಿಗೆ ಧಪಾಟೆ ರೊಟ್ಟಿ ತಟ್ಟುತ್ತಿದ್ದಳು, ನಾನು ಬೇಯಿಸುತ್ತಿದ್ದೆ.

"ಆಯೀ, ಪಾಲಿ ಗಣಪತಿ ಮುಗಿಸಿ ಸೀದಾ ಮನೀಗೆ ಬರೋಣು. ಮೊದಲ ಮೋರಗಾವಿಗೆ ಹೋಗಿರ್ತೀವಲ್ಲ, ಕಡೀಕೂ ಮತ್ತ ಅಲ್ಲಿಗೇ ಯಾಕ?" ಎಂದ ಸುಹಾಸ.

"ಮೋರಗಾವಿಂದ ಹೊಂಟು ಮೋರಗಾವಿಗೆ ಬಂದ್ರ ಅದು ಯಾತ್ರಿ. ಇಲ್ಲಂದ್ರ ಬರೇ ಗಾಡಿ ಓಡಿಸಿದಂಗ."

"ಲೇಣ್ಯಾದ್ರಿ ಮೆಟ್ಟಲಾ ಅಪ್ಪಾಗ ಆಗೂದಿಲ್ಲ, ಡೋಲಿ ಹೇಳಲೇನು?" ಎಂದಳು ಮೃಣಾಲ.

ಅಂಗಳದಲ್ಲಿ ಕಾರು ಒರೆಸುತ್ತಿದ್ದ ವಹಿನಿಯ ಗಂಡ ರಾಮಚಂದ್ರರಾವ್ ಅಲ್ಲಿಂದಲೇ ನಕ್ಕರು. "ನಾಕು ಮಂದಿ ನನ್ನ ಹೊರೂದು ಇಷ್ಟು ಲಗೂ ಬ್ಯಾಡವಾ. ನಡದೇ ಹತ್ತತೀನಿ."

ಆಗಲೇ ವಹಿನಿಯ ಫೋನು ಹೊಡೆದುಕೊಂಡಿತು. ಪಾಟಣ ಕಡೆಯ ಹಳ್ಳಿಯಿಂದ, ರಾಮಚಂದ್ರರಾಯರ ತಮ್ಮ ಭಾನುದಾಸನ ಹೆಂಡತಿ. ವಹಿನಿ ಹಿಟ್ಟಿನ ಕೈಯಲ್ಲೇ ಫೋನು ಕಿವಿಗಿಟ್ಟುಕೊಂಡಳು. ಕೇಳಿ, ಫೋನು ಕೆಳಗಿಟ್ಟಳು. ನೀರಿಗೆಂದು ಒಳಗೆ ಬಂದ ಸುಹಾಸನಿಗೆ ಹೇಳಿದಳು, "ಭಾನುದಾಸ ಹೋದ್ನಂತ. ಎದಿ ಹಿಡ್ಕೊಂಡು ಕುಂತಾಂವ ಏಳಲಿಲ್ಲಂತ. ಅಣ್ಣ ಬಂದು ಮುಖ ನೋಡಲಿ, ಸಂಜೀತನಕ ಎತ್ತೂದಿಲ್ಲ ಅಂದ್ಲು."

ಸುಹಾಸ ಎರಡೂ ಕಿವಿ ಮುಚ್ಚಿಕೊಂಡ. ಆಮೇಲೆ ಕಾಲಿನಿಂದ ಬಾಗಿಲು ದೂಡಿ ಮುಚ್ಚಿದ.

"ನಾ ಏನೂ ಕೇಳಿಲ್ಲ. ಅಪ್ಪಾಗ ಹೇಳಬ್ಯಾಡ ಆಯೀ. ಕೇಳಿದಾಗಿಂದ ಸೂತಕ ಹಿಡೀತದ, ಕೇಳದಿದ್ರ ಇಲ್ಲ. ಕೋಣಿ ಮತ್ತ ಸಿಗೂದಿಲ್ಲ, ಮೃಣಾಲಗೂ ರಜಾ ಇಲ್ಲ. ದರ್ಶನ ಮುಗಿಸಿ ಬಂದು ಹೇಳೋಣು."

"ನಾ ಕೇಳೀನಲ್ಲ?"

"ನೀ ಮನ್ಯಾಗ ಇರು. ಮೊಣಕಾಲ ನೋವು ಅನ್ನು."

"ಗಣಪತಿ ಕಡೆ ಹೊಂಟೀಯಲ್ಲೋ. ಅಷ್ಟಗಲ ಕಿವಿ ಇಟ್ಕೊಂಡು ಕುಂತಾನ ಅವ. ಅವ ಕೇಳಿಲ್ಲಂತ ತಿಳದೀಯೇನು?"

"ಶಾಸ್ತ್ರಾ ನಾ ಮಾಡಿದ್ದಲ್ಲ," ಎಂದು ಅವನು ಹೊರಟುಹೋದ.

ವಹಿನಿ ಮತ್ತೆ ಧಪಾಟೆ ತಟ್ಟತೊಡಗಿದಳು. ಒದ್ದೆ ಬಟ್ಟೆಯ ಮೇಲೆ ಹಿಟ್ಟನ್ನು ಹೊಡೆಯುತ್ತಿದ್ದಳು ಎಂದರೇ ಸರಿ. ಅವಳೇ ಬಾಯಿ ಬಿಟ್ಟಳು.

ಮದುವೆಯಾದ ಹೊಸತು. ಅತ್ತೆ ಎಲ್ಲರನ್ನೂ ಪಂಢರಪುರಕ್ಕೆ ಹೊರಡಿಸಿದ್ದಳು. ಹೊರಡುವ ದಿನ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಸೈಕಲ್ ಮೇಲೆ ಒಬ್ಬ ಬಂದ. ಅತ್ತೆ ಅವನೊಡನೆ ಪಿಸುಮಾತಾಡಿದಳು. ಬಂದವನಿಗೆಂದು ಕುಮುದಿನಿ ಚಹಾ ಮಾಡಿಟ್ಟಳು. ಅವನು ಅವಳ ಮುಖವನ್ನೇ ನೋಡಿದ, ಚಹಾ ಮುಟ್ಟದೆ ಹೋದ. ಸೊಕ್ಕಿನವನು ಎಂದುಕೊಂಡಳು. ಸಾವಿನ ಸುದ್ದಿ ತಂದವನು ಆ ಮನೆಯ ನೀರು ಮುಟ್ಟುವುದಿಲ್ಲ ಎಂದು ಅವಳಿಗೆ ಹೊಳೆಯಲಿಲ್ಲ. ಯಾತ್ರೆ ಮುಗಿಸಿ ಬಂದ ಮೇಲೆ ಹೇಳಿದರು, ನಿನ್ನಪ್ಪ ಹೋದ ಎಂದು. ಅಷ್ಟರಲ್ಲಿ ಬೂದಿಯೂ ಹೊಳೆ ಸೇರಿತ್ತು.

"ಇವ್ರಿಗೂ ಗೊತ್ತಿತ್ತು ಅಕ್ಕಾ," ಎಂದು ವಹಿನಿ ಅಂಗಳದತ್ತ ಗದ್ದ ಎತ್ತಿದಳು. "ಬಸ್ಸಿನ್ಯಾಗ ನನ್ನ ಮಗ್ಗಲಕ್ಕ ಕುಂತು ಪುಟಾಣಿ ತಿಂದ್ರು. ನನಗೂ ಕೊಟ್ರು. ನಾ ತಿಂದೆ. ವಿಠೋಬನ ಕಾಲಿಗೆ ಹಣಿ ಹಚ್ಚಿ, ಅಪ್ಪನ್ನ ಚಲೋ ಇಡು ಅಂತ ಬೇಡ್ಕೊಂಡೆ. ಈಗ ಇವರ ಪಾಳಿ. ಹೋಗಲಿ, ಪ್ರಸಾದ ತಿನ್ನಲಿ, ಬಂದು ತಮ್ಮನ ಬೂದಿ ಹುಡುಕಲಿ."

ಹೆಂಚಿನ ಮೇಲಿದ್ದದ್ದು ಸೀದಿತ್ತು. ಇಬ್ಬರೂ ತೆಗೆಯಲಿಲ್ಲ.

ಹೊರಗಿನಿಂದ ರಾಯರ ದನಿ ಬಂತು. "ಸುಹಾಸ, ಹಿಂದ ಒಂದು ಸೀಟು ಉಳೀತದಲ್ಲೋ. ಭಾನೂಗ ಫೋನ್ ಹಚ್ಚು, ಅವನೂ ಬರಲಿ."

"ಕಾಕಾನ ಕೂಡ ಈಗ ಮಾತಾಡೀನಿ ಅಪ್ಪಾ. ಹೊಲದ ಕೆಲಸ ಅದ, ಒಲ್ಲೆ ಅಂದ್ರು," ಎಂದ ಸುಹಾಸ. ದನಿ ಒಂದಿಷ್ಟೂ ಅಳುಕಲಿಲ್ಲ.

ವಹಿನಿ ಎದ್ದಳು. ಕೈ ತೊಳೆಯಲಿಲ್ಲ. ಅಂಗಳಕ್ಕೆ ಹೋಗಿ ಗಂಡನ ಎದುರು ನಿಂತಳು.

"ಭಾನುದಾಸ ಸತ್ತಾನ. ಸಂಜೀತನಕ ನಿಮ್ಮ ದಾರಿ ಕಾಯ್ತಾರ. ನಡೀರಿ."

ರಾಯರು ಒರೆಸುವ ಬಟ್ಟೆ ಹಿಡಿದೇ ಕಟ್ಟೆಯ ಮೇಲೆ ಕುಸಿದರು. "ಯಾವಾಗ?"

"ಈಗ ಫೋನ್ ಬಂತು, ಈಗ ಹೇಳೀನಿ. ಹಿಂಗ ಹೇಳಬೇಕು ಸುದ್ದೀನ."

ರಾಯರು ಅವಳ ಮುಖ ನೋಡಿದರು. ಅವರಿಗೆ ಅರ್ಥವಾಯಿತು. "ಕುಮುದಾ, ಅವತ್ತು ನಾನು..."

"ಇವತ್ತ ಬ್ಯಾಡ. ಅದನ್ನ ಕೇಳಾಕ ನನಗ ಪುರುಸೊತ್ತಿಲ್ಲ. ಚಪ್ಲಿ ಹಾಕ್ಕೋರಿ."

"ಹೊಸಾ ಗಾಡಿ ಮೊದಲಿಗೇ ಸ್ಮಶಾನಕ್ಕ ಒಯ್ಯಬೇಕೇನು?" ಎಂದು ಸುಹಾಸ ಹಲ್ಲು ಕಚ್ಚಿದ. "ಎಲ್ಲಾ ಹಾಳು ಮಾಡಿದಿ ಆಯೀ."

"ಎಸ್‌ಟಿ ಬಸ್ಸಿಗೆ ಹೋಗ್ತೀವಿ ಬಿಡು. ಯಾಕ ಬಸ್ಸಿಗೆ ಹೊಂಟ್ರಿ ಅಂತ ಮಂದಿ ಕೇಳಿದ್ರ ನೀನೇ ಹೇಳು."

ಅವನು ಕೀಲಿ ತಂದ. ಮೃಣಾಲ ಓಝರಿಗೆ ಫೋನು ಮಾಡಿ, ಕೋಣೆ ಬೇಡವೆನ್ನುತ್ತ ಒಳಗೆ ಹೋದಳು.

ರಾಯರನ್ನು ಹಿಂದೆ ಕೂರಿಸಿ ವಹಿನಿ ಪಕ್ಕದಲ್ಲಿ ಕೂತಳು. ಅವರು ಮಗುವಿನಂತೆ ಅಳುತ್ತ ಅವಳ ಕೈಗೆ ತಡಕಾಡಿದರು. ಅವಳು ಕೈ ಕೊಡಲಿಲ್ಲ. ಕಿಟಕಿಯತ್ತ ಮುಖ ತಿರುಗಿಸಿ ಮಗನಿಗೆ ಹೇಳಿದಳು:

"ಜೋರು ಬಿಡು. ಹೊತ್ತು ಮುಣಗೂದರಾಗ ಇವರು ಮುಖ ನೋಡಬೇಕು."